ನೀರಿಗೆ ಜಗ್ಗದ ಮಣ್ಣು

ಹೋದ ತಿಂಗಳು ಶಿರಾ ಗೇಟ್ ಹತ್ತಿರ ಪೈಪು ಹಾಕಲೆಂದು ರಸ್ತೆ ಅಗೆದಿದ್ದರು. ಔಷಧಿ ಅಂಗಡಿಗೆಂದು ಹೊರಟಿದ್ದ ನಾನು ಆ ಮಣ್ಣಿನ ಗುಡ್ಡೆಯ ಪಕ್ಕ ನಿಂತುಬಿಟ್ಟೆ. ಹಿಂದಿನ ದಿನ ಮಳೆ ಬಿದ್ದಿತ್ತು. ಬೂದು ಬಣ್ಣದ, ನುಣ್ಣಗೆ ಹೊಳೆಯುವ, ಚಪ್ಪಲಿಗೆ ಅಂಟಿದರೆ ಚಪ್ಪಲಿಯನ್ನೇ ಇಟ್ಟುಕೊಂಡುಬಿಡುವ ಜಾತಿಯ ಮಣ್ಣು. ಸೊಂಟ ಹಿಡಿದುಕೊಂಡು ಬಗ್ಗಿ ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ಹೊಸೆದೆ. ಶ್ಯಾವಿಗೆ ಎಳೆಯಷ್ಟು ಸಣ್ಣಗಾದರೂ ತುಂಡಾಗಲಿಲ್ಲ. "ಓಹೋ, ನೀನೇನಾ!" ಅಂದೆ, ಬಾಯಿಬಿಟ್ಟೇ.

ಅಲ್ಲೇ ನಿಂತಿದ್ದ ಆಟೋದವನು ಕೇಳಿದ, "ಏನಮ್ಮಾ, ಏನಾದ್ರೂ ಬಿದ್ದೋಯ್ತಾ?"

"ಇಲ್ಲಪ್ಪ, ಸಿಕ್ತು" ಅಂದೆ. ಪಾಪ, ಅವನು ಆಟೋ ಸ್ವಲ್ಪ ದೂರ ನಿಲ್ಲಿಸಿಕೊಂಡ.

ಇದು ನನ್ನ ಹಳೆಯ ಚಟ. ಮದುವೆಗೆ ಹೋದರೂ ಚಪ್ಪರಕ್ಕೆ ಗುಂಡಿ ತೋಡಿದ ಕಡೆ ಒಂದು ಚಿಟಿಕೆ ಮಣ್ಣು ಮುಟ್ಟದೆ ಬರುವುದಿಲ್ಲ. "ಎಲ್ಲಾರೂ ಸೀರೆ ಅಂಚು ಮುಟ್ಟಿ ನೋಡ್ತಾರಮ್ಮ, ನೀನೊಬ್ಳು ಮಣ್ಣು ಮುಟ್ತೀಯ" ಎಂದು ನನ್ನ ಮಗಳು ಛೇಡಿಸುತ್ತಾಳೆ. ಮಣ್ಣನ್ನು ಹೀಗೆ ಹೊಸೆದು ನೋಡುವುದು ಪಾಲಿಟೆಕ್ನಿಕ್ಕಿನಲ್ಲಿ ಕಲಿತದ್ದೇ ಇರಬೇಕೆಂದು ನೀವು ಅಂದುಕೊಳ್ಳಬಹುದು. ಪುಸ್ತಕದಲ್ಲೂ ಅದು ಇತ್ತು, ಸುಳ್ಳೇಕೆ. ಆದರೆ ನನ್ನ ಕೈಗೆ ಅದನ್ನು ಕಲಿಸಿದವಳು ಹೆಬ್ಬೆಟ್ಟು ಒತ್ತುತ್ತಿದ್ದ ಒಬ್ಬ ಹೆಂಗಸು. ಅವಳ ಹೆಸರು ನಮ್ಮ ಇಲಾಖೆಯ ಯಾವ ಫೈಲಿನಲ್ಲೂ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ: ಕೆಂಪಮ್ಮ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಗುಬ್ಬಿಯವಳು. ಸಿವಿಲ್ ಡಿಪ್ಲೊಮಾ ಮುಗಿಸಿ ತುಮಕೂರಿನ ಒಂದು ಸರ್ಕಾರಿ ಮಣ್ಣುಪರೀಕ್ಷೆಯ ಲ್ಯಾಬಿನಲ್ಲಿ ಸಹಾಯಕಿಯಾಗಿ ಸೇರಿದ್ದೆ. ನಮ್ಮ ತರಗತಿಯಲ್ಲಿ ಹುಡುಗಿಯರು ಇಬ್ಬರೇ. ಒಬ್ಬಳು ಮದುವೆಯಾಗಿ ಹೋದಳು, ಉಳಿದವಳು ನಾನು. ಲ್ಯಾಬೆಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಒಂದು ಉದ್ದನೆಯ ಕೋಣೆ, ಗೋಡೆಗೆ ಒರಗಿಸಿದ ಜರಡಿಗಳು, ಮಣ್ಣು ಒಣಗಿಸುವ ಒಂದು ಓವನ್ನು, ಇಟ್ಟಿಗೆಯನ್ನು ಒತ್ತಿ ಪುಡಿಮಾಡಿ ಅದರ ಗಟ್ಟಿತನ ಅಳೆಯುವ ಒಂದು ಮಿಷನ್ನು. ತಗಡಿನ ಡಬ್ಬಿಗಳಿಗೆ ಚೀಟಿ ಅಂಟಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಚೀಟಿ ಅಂಟಿಸಿದ ಮಣ್ಣೆಲ್ಲ ನನಗೆ ಅರ್ಥವಾಗಿದೆ ಎಂದೇ ತಿಳಿದಿದ್ದೆ. ವಯಸ್ಸು ಇಪ್ಪತ್ತೊಂದು, ಕ್ಷಮಿಸಿ.

ಒಂದು ಬೆಳಗ್ಗೆ ಬಾಗಿಲಲ್ಲಿ ಧಡ್ ಎಂದು ಏನೋ ಬಿತ್ತು. ನೋಡಿದರೆ ಗೋಣಿಚೀಲ. ಅದರ ಹಿಂದೆ ನಲವತ್ತರ ಆಸುಪಾಸಿನ ಹೆಂಗಸು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ.

"ಮಣ್ ಪರೀಕ್ಸೆ ಮಾಡೋರು ಇಲ್ಲೇಯಾ? ಕುಣಿಗಲ್‌ನಿಂದ ಹೊತ್ಕೊಂಡ್ ಬಂದಿವ್ನಿ. ಆ ಕಂಡಕ್ಟ್ರು ಮಣ್ಣಿಗೂ ಲಗೇಜ್ ಹಾಕ್ದ ಕಣವ್ವ! ನಿಂಗೂ ಒಂದಿನ ಇದ್ರಾಗೇ ಮಲಗೋದೈತೆ, ಆಗ ಯಾರ್ ಟಿಕೀಟ್ ಕೊಡ್ತಾರೆ ಅಂತ ಕೇಳ್ದೆ. ಬಸ್ಸೆಲ್ಲಾ ನಗ್ತು, ಅವ್ನು ಮಾತ್ರ ನಗ್ನಿಲ್ಲ."

ನಾನು ಅವಳಿಗೆ ಅರ್ಜಿ ತರಬೇಕು, ಮೇಲಿನವರ ಸಹಿ ಬೇಕು ಎಂದೆಲ್ಲ ಹೇಳಲು ಶುರುಮಾಡಿದೆ. ಅವಳು ಅಷ್ಟರಲ್ಲಿ ಚೀಲ ಬಿಚ್ಚಿ ನೆಲದ ಮೇಲೆ ಕೂತಾಗಿತ್ತು.

ವಿಷಯ ಇಷ್ಟು. ಕೆಂಪಮ್ಮ ಮಣ್ಣು ಕೆಲಸ ಮಾಡುವ ಹೆಂಗಸರ ಗುಂಪಿಗೆ ಮೇಸ್ತ್ರಿ. ಕೆರೆ ಏರಿ, ಕಾಲುವೆ, ರಸ್ತೆ, ಎಲ್ಲಿ ಮಣ್ಣು ಅಗೆದು ಹೊರಬೇಕೋ ಅಲ್ಲಿಗೆ ಮಂಕರಿ ಹಿಡಿದು ಹೋಗುವವರು. ಜೀವಮಾನವೆಲ್ಲ ಗುಡಿಸಲಲ್ಲಿ ಇದ್ದವರಿಗೆ ಕುಣಿಗಲ್ ಕೆರೆಯ ಕೆಳಗಡೆ ಒಂದು ಮೂಲೆಯಲ್ಲಿ ಮನೆ ನಿವೇಶನಗಳು ಸಿಕ್ಕಿದ್ದವು. ಷರತ್ತು ಒಂದೇ: ಎರಡು ವರ್ಷದೊಳಗೆ ಪಕ್ಕಾ ಮನೆ ಕಟ್ಟಿಕೊಳ್ಳಬೇಕು, ಇಲ್ಲದಿದ್ದರೆ ನಿವೇಶನ ವಾಪಸ್. ಸುಟ್ಟ ಇಟ್ಟಿಗೆಯಾಗಲಿ ಕಲ್ಲಾಗಲಿ ಅವರ ಕೈಗೆ ಎಟುಕುವ ಮಾತಲ್ಲ. ಅಲ್ಲಿನ ಮಣ್ಣೋ, ನೀರು ಕುಡಿದರೆ ಉಬ್ಬುವ, ಒಣಗಿದರೆ ಬಾಯಿಬಿಡುವ ಜೇಡಿ. ಮೊದಲ ವರ್ಷ ಅದರಲ್ಲೇ ಗೋಡೆ ಎಬ್ಬಿಸಿದರು. ಮಳೆಗಾಲದಲ್ಲಿ ಗೋಡೆ ಕುಸಿದು ಕೆಂಪಮ್ಮನ ತಂಗಿ ಪುಟ್ಟಮ್ಮನ ಕಾಲಿನ ಮೇಲೆ ಬಿತ್ತು. ಕಾಲು ಉಳಿಯಿತು, ನಡಿಗೆ ಮಾತ್ರ ಮೊದಲಿನಂತಾಗಲಿಲ್ಲ.

"ಮಣ್ಣಿಗೆ ಸಿಮೆಂಟ್ ಬೆರೆಸಿ ಇಟ್ಗೆ ಮಾಡ್ತಾರಂತೆ, ಹೌದಾ? ನಾನೂ ಮಾಡ್ದೆ. ನೋಡು" ಅಂದು ಚೀಲದ ತಳದಿಂದ ಒಂದು ಇಟ್ಟಿಗೆ ತೆಗೆದಳು. ಮೈಯೆಲ್ಲ ಬಿರುಕು. ನಾನು ಎತ್ತಿಕೊಂಡ ಕೂಡಲೇ ಎರಡು ಹೋಳಾಯಿತು. "ಯಾಕಿಂಗಾಯ್ತು? ಅದ್ನ ಯೋಳು. ಅರ್ಜಿ ಆಮ್ಯಾಕ್ ಕೊಡ್ತೀನಿ."

ನಾನು ಪುಸ್ತಕ ತೆರೆದೆ, ಮಣ್ಣನ್ನು ಜರಡಿ ಹಿಡಿದೆ, ನೀರಲ್ಲಿ ಕದಡಿಸಿಟ್ಟೆ, ಗಂಭೀರವಾಗಿ ಅಳತೆ ಬರೆದುಕೊಂಡೆ. ವಾರ ಕಳೆದು ಅವಳು ಬಂದಾಗ ತೀರ್ಪು ಕೊಟ್ಟೆ: "ಸಿಮೆಂಟು ಸಾಲದು. ಇನ್ನೊಂದಿಷ್ಟು ಹಾಕಿ."

ಹಾಕಿದಳು. ಬಿರುಕು ಇನ್ನೂ ಚೆನ್ನಾಗಿ ಬಂತು. ಹದಿನೈದು ದಿನ ಬಿಟ್ಟು ಆ ಹೋಳುಗಳನ್ನು ತಂದು ನನ್ನ ಮೇಜಿನ ಮೇಲೆ, ಚೀಟಿ ಅಂಟಿಸಿದ ಡಬ್ಬಿಗಳ ಮಧ್ಯೆ ಜೋಡಿಸಿಟ್ಟು ಹೇಳಿದಳು, "ನಿನ್ ಪುಸ್ತಕ್ದೋರು ಈ ಮಣ್ಣು ಮುಟ್ಟಿಲ್ಲ ಕಣವ್ವ. ಬಾ ಇಲ್ಲಿ, ಕೈ ಕೊಡು."

ಅವತ್ತು ಅವಳು ನನ್ನ ಅಂಗೈಯಲ್ಲಿ ಮಣ್ಣಿಟ್ಟು ಹೊಸೆಸಿದಳು. ಎಳೆ ತುಂಡಾಗದಿದ್ದರೆ ಅಂಟು ಜಾಸ್ತಿ. ಕೈ ತೊಳೆಸಿದಳು, ಜಾರಿ ಜಾರಿ ಕೈ ಬಿಡದಿದ್ದರೆ ಜೇಡಿ, ಒಂದೇ ಸಲಕ್ಕೆ ತೊಳೆದುಹೋದರೆ ಮರಳು. ಕೊನೆಗೆ ಒಂದು ಕಾಳಷ್ಟನ್ನು ಹಲ್ಲಿನ ನಡುವೆ ಕಚ್ಚಿಸಿದಳು. "ಕರಕರ ಅಂತೈತಾ?" ಇಲ್ಲ, ಬೆಣ್ಣೆಯ ಹಾಗಿತ್ತು. "ಅದೇಯ. ಕಚ್ಕೊಳಾಕೆ ಕಾಳಿಲ್ದಿದ್ರೆ ಸಿಮೆಂಟ್ ಏನ್ನ ಹಿಡ್ಕೊಂಡಾತು?" ಲ್ಯಾಬಿನ ಮುಖ್ಯಸ್ಥರಾದ ನಮ್ಮ ಸಾಹೇಬರು ಆ ಹೊತ್ತಿಗೇ ಒಳಗೆ ಬಂದರು. ಸರ್ಕಾರಿ ನೌಕರಿಯಲ್ಲಿರುವ ಹೆಣ್ಣುಮಗಳು ಕಚೇರಿ ವೇಳೆಯಲ್ಲಿ ಮಣ್ಣು ತಿನ್ನುತ್ತಿದ್ದುದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

ಮರಳು ಬೇಕು, ಸರಿ. ಹಳ್ಳದಲ್ಲಿ ಸಿಗುತ್ತಿತ್ತು. ಕಲ್ಲು ಒಡೆಯುವ ಕಡೆ ರಾಶಿ ಬಿದ್ದಿರುತ್ತಿದ್ದ ಕಲ್ಲುಪುಡಿಯೂ ಆದೀತು. ಆದರೆ ಈ ಜೇಡಿ ಹೆಂಟೆ ಹೆಂಟೆಯಾಗಿ ನಿಂತು ಮರಳನ್ನೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅದಕ್ಕೆ ದಾರಿ ತೋರಿಸಿದ್ದೂ ಕೆಂಪಮ್ಮನೇ. ಹಿಂದೊಮ್ಮೆ ಕಾಲುವೆ ಕೆಲಸದಲ್ಲಿ ಸುಣ್ಣದ ಗಾಡಿ ಮಗುಚಿಕೊಂಡಿತ್ತಂತೆ. ಸುಣ್ಣ ಬಿದ್ದ ಜಾಗದ ಜೇಡಿ ಮಾತ್ರ ನಾಲ್ಕು ದಿನಕ್ಕೆ ಅಂಟು ಬಿಟ್ಟು, ಗುದ್ದಲಿಗೆ ಉದುರುದುರಾಗಿ ಬಂತಂತೆ.

ಅವಳು ಇದನ್ನು ಹೇಳುತ್ತಿದ್ದ ಹಾಗೆ ನನ್ನ ಕಿವಿ ಬಿಸಿಯಾಯಿತು. ಏಕೆಂದರೆ ಸುಣ್ಣ ಜೇಡಿಯ ಅಂಟನ್ನು ಕಡಿಮೆ ಮಾಡುತ್ತದೆ ಎಂಬುದನ್ನು ನಾನು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದೆ, ಐದೂ ಬಂದಿತ್ತು. ಎದುರಿಗೆ ಜೇಡಿ ಬಂದು ಕೂತಾಗ ಮಾತ್ರ ಅದು ನನಗೆ ನೆನಪಾಗಿರಲಿಲ್ಲ.

ಹಾಗಾಗಿ ಕ್ರಮ ಬದಲಾಯಿಸಿದೆವು. ಮೊದಲು ಮಣ್ಣನ್ನು ಕುಟ್ಟಿ ಜರಡಿ ಹಿಡಿದು ಅರಳಿಸಿದ ಸುಣ್ಣ ಬೆರೆಸುವುದು, ತೇವ ಮಾಡಿ ಗುಡ್ಡೆ ಹಾಕಿ ಗೋಣಿತಾಟು ಮುಚ್ಚಿ ಕೆಲವು ದಿನ ಬಿಡುವುದು. ಆ ಮೇಲೆ ಮರಳು, ಕಲ್ಲುಪುಡಿ. ಸಿಮೆಂಟು ಕಟ್ಟಕಡೆಗೆ, ಅದೂ ಒಂದಿಷ್ಟೇ. ಬೆರೆಸಿದ ಮೇಲೆ ತಡಮಾಡದೆ ಅಚ್ಚು ಹಾಕಿಬಿಡಬೇಕು, ಇಲ್ಲದಿದ್ದರೆ ಸಿಮೆಂಟು ಗುಡ್ಡೆಯಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ. ಲ್ಯಾಬಿನ ಹಿತ್ತಲಲ್ಲಿ ಕೈಯಲ್ಲೇ ಬಡಿದು ಮಾಡಿದ ಮೊದಲ ಇಟ್ಟಿಗೆಗೆ ಬಿರುಕು ಬರಲಿಲ್ಲ. ಆದರೆ ಮೂಲೆ ಮುಟ್ಟಿದರೆ ಉದುರುತ್ತಿತ್ತು. ಕೈಯ ಬಲ ಸಾಲದು, ಬಿಗಿಯಾಗಿ ಒತ್ತುವ ಯಂತ್ರ ಬೇಕು.

ಆ ಯಂತ್ರ ಎಲ್ಲಿದೆ ಎಂಬುದು ನನಗೆ ಗೊತ್ತಿತ್ತು. ಗುಬ್ಬಿಯಲ್ಲಿ ನಮ್ಮ ಮನೆಯ ದಾರಿಯ ಒಂದು ಕಚೇರಿಯ ಹಿಂದೆ, ಉದ್ದನೆಯ ಕಬ್ಬಿಣದ ಹಿಡಿಯಿರುವ, ಮಣ್ಣಿನ ಇಟ್ಟಿಗೆ ಒತ್ತುವ ಕೈಮಿಷನ್ನು ತುಕ್ಕು ಹಿಡಿದು ಬಿದ್ದಿತ್ತು. ಯಾವಾಗಲೋ ಪ್ರಾತ್ಯಕ್ಷಿಕೆಗೆಂದು ತರಿಸಿ, ಒಂದು ದಿನ ಹಾರ ಹಾಕಿ ಒತ್ತಿ, ಚಪ್ಪಾಳೆ ತಟ್ಟಿ ಮೂಲೆಗೆ ತಳ್ಳಿದ್ದರು. ಅದರ ಅಚ್ಚಿನೊಳಗೆ ಕಚೇರಿಯ ಜವಾನನ ಕೋಳಿ ಕಾವಿಗೆ ಕೂತಿತ್ತು.

"ಸಾಹೇಬ್ರ ಲೆಟರ್ ತನ್ನಿ, ಕೊಡ್ತೀವಿ" ಅಂದರು ಅಲ್ಲಿನ ಗುಮಾಸ್ತರು.

ನಮ್ಮ ಸಾಹೇಬರು ಕೊಡುವುದಿಲ್ಲ ಎಂಬುದು ನನಗೆ ಗೊತ್ತು. ಲ್ಯಾಬಿನ ಕಾಗದದಲ್ಲೇ, "ಪರೀಕ್ಷೆಯ ಸಲುವಾಗಿ ಬೇಕಾಗಿದೆ" ಎಂದು ಬರೆದು, ಕೆಳಗೆ "ಪರವಾಗಿ" ಎಂದು ಸೇರಿಸಿ ನನ್ನ ಸಹಿ ಹಾಕಿದೆ. ತಪ್ಪೇ. ಇವತ್ತಿಗೂ ತಪ್ಪೇ. ಇವತ್ತು ಬೇಕಾದರೂ ಮತ್ತೆ ಮಾಡುತ್ತೇನೆ. ಮೇಷ್ಟರಾಗಿದ್ದ ನಮ್ಮಪ್ಪ ಆ ಕಾಗದವನ್ನು ಎರಡು ಸಲ ಓದಿ, "ಕಾಗುಣಿತ ಸರಿಯಿದೆ. ಮಿಕ್ಕಿದ್ದು ನನ್ನನ್ನ ಕೇಳ್ಬೇಡ" ಅಂದು ಕನ್ನಡಕ ತೆಗೆದಿಟ್ಟರು. ಕೋಳಿಯನ್ನು ಮೊಟ್ಟೆಗಳ ಸಮೇತ ಒಂದು ಬುಟ್ಟಿಗೆ ವರ್ಗಾಯಿಸಿ, ಮಿಷನ್ನನ್ನು ತೆಂಗಿನಕಾಯಿ ಲಾರಿಯ ಮೇಲೆ ಹಾಕಿ ಕುಣಿಗಲ್‌ಗೆ ಸಾಗಿಸಿದೆವು.

ಆ ಮಿಷನ್ನಿನ ಹಿಡಿಗೆ ಇಬ್ಬರು ಜೋತುಬೀಳಬೇಕಿತ್ತು. ಪುಟ್ಟಮ್ಮನಿಗೆ ಮಂಕರಿ ಹೊರಲಾಗುತ್ತಿರಲಿಲ್ಲ. ಅವಳು ಅಚ್ಚಿನ ಪಕ್ಕ ಕೂತು ಮಣ್ಣು ತುಂಬುವ ಕೆಲಸ ಹಿಡಿದಳು. ಪ್ರತಿ ಅಚ್ಚಿಗೂ ಒಂದೇ ಅಳತೆ, ತಕ್ಕಡಿ ಬೇಕಿರಲಿಲ್ಲ. ನಾನೂ ಒಂದು ಸಲ ಜೋತುಬಿದ್ದೆ. ಹಿಡಿ ಕೆಳಗೆ ಬರುವ ಬದಲು ನಾನೇ ಮೇಲೆ ಹೋಗಿ ಅಲ್ಲಿಂದ ಗುಡ್ಡೆಯ ಮೇಲೆ ಬಿದ್ದೆ. "ಮೇಡಮ್ಮನ್ನ ಹಂಗೇ ಅಚ್ಚಿಗ್ ಹಾಕ್ಬುಡ್ರೇ, ಒಂದ್ ಇಟ್ಗೆ ಆಯ್ತಾಳೆ!" ಅಂದರು ಯಾರೋ. ಆ ನಗು ಕೆರೆ ಏರಿಯವರೆಗೂ ಕೇಳಿಸಿರಬೇಕು. ಒತ್ತಿದ ಇಟ್ಟಿಗೆಗಳನ್ನು ನೆರಳಲ್ಲಿ ಜೋಡಿಸಿ, ಮೇಲೆ ಹುಲ್ಲು ಹೊದಿಸಿ, ಸುಮಾರು ಒಂದು ತಿಂಗಳು ದಿನಾ ನೀರು ಚಿಮುಕಿಸಿದರು. ಕೂಲಿಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ.

ಕೆಂಪಮ್ಮನ ಮನೆಯ ಗೋಡೆ ಕಿಟಕಿ ಮಟ್ಟಕ್ಕೆ ಬಂದಾಗ ನಿವೇಶನಗಳ ಉಸ್ತುವಾರಿ ಇದ್ದ ಇಂಜಿನಿಯರ್ ನೋಡಲು ಬಂದರು. ಅವರ ಹೆಸರು ಬೇಡ. ಗೋಡೆಯನ್ನು ಮುಟ್ಟಲೂ ಇಲ್ಲ. ಜೀಪಿನಿಂದಲೇ ಕೇಳಿದರು, "ಏನಿದು?"

"ಮನೆ ಸೋಮಿ" ಅಂದಳು ಕೆಂಪಮ್ಮ.

"ಇದು ಮಣ್ಣು. ಮಣ್ಣಿನ ಮನೆ ಪಕ್ಕಾ ಮನೆ ಅಲ್ಲ. ಕೆಡವಿ ಸುಟ್ಟ ಇಟ್ಟಿಗೇಲಿ ಕಟ್ಟಿ, ಇಲ್ಲಾಂದ್ರೆ ಸೈಟು ಕ್ಯಾನ್ಸಲ್."

ಜೀಪು ಹೋಯಿತು. ಹೆಂಗಸರೆಲ್ಲ ಗೋಡೆ ಹಿಡಿದು ನಿಂತರು. ಎರಡು ಮನೆಯವರು ಆ ವಾರವೇ ಗಂಟುಮೂಟೆ ಕಟ್ಟಿ ಹೊರಟೇಹೋದರು. ಕೆಂಪಮ್ಮ ಮಾತ್ರ ಮಾರನೆಯ ಬೆಳಗ್ಗೆ ಒಂದು ಅಲ್ಯೂಮಿನಿಯಂ ಬೋಗುಣಿಯನ್ನೂ ಒಂದು ಇಟ್ಟಿಗೆಯನ್ನೂ ತಲೆಯ ಮೇಲಿಟ್ಟುಕೊಂಡು ಆ ಇಂಜಿನಿಯರರ ಕಚೇರಿಗೆ ನಡೆದಳು. ಬಿಡುವು ಮಾಡಿಕೊಂಡು ನಾನೂ ಹೋಗಿದ್ದೆ, ಹೆದರಿಕೊಂಡೇ. ಮೆಟ್ಟಿಲ ಪಕ್ಕ ಬೋಗುಣಿ ಇಟ್ಟು, ನಲ್ಲಿಯಿಂದ ನೀರು ತುಂಬಿ, ತನ್ನ ಇಟ್ಟಿಗೆಯನ್ನು ಅದರಲ್ಲಿ ಮುಳುಗಿಸಿದಳು. ಅಷ್ಟಕ್ಕೇ ನಿಲ್ಲಲಿಲ್ಲ. ಕಚೇರಿಗೆ ಹೊಸ ಉಗ್ರಾಣ ಕಟ್ಟಲು ಕಂಟ್ರಾಕ್ಟರು ತಂದು ಹಾಕಿದ್ದ ಸುಟ್ಟ ಇಟ್ಟಿಗೆಗಳ ರಾಶಿ ಅಲ್ಲೇ ಇತ್ತು. ಅದರಿಂದ ಒಂದನ್ನು ಎತ್ತಿ ತನ್ನದರ ಪಕ್ಕದಲ್ಲಿ ಮುಳುಗಿಸಿದಳು.

ಇಂಜಿನಿಯರ್ ಹೊರಗೆ ಬಂದರು. "ಏನಮ್ಮಾ ಇದು ನಾಟಕ?"

"ನಾಟ್ಕ ಅಲ್ಲ ಸೋಮಿ. ನಮ್ದು ಮಣ್ಣು ಅಂದ್ರಲ್ಲ, ಮಣ್ಣಾದ್ರೆ ಕರಗ್ಲಿ. ನಿಮ್ದೂ ಜತೆಗಿರ್ಲಿ, ಬ್ಯಾಜಾರಾಗಬಾರ್ದು."

ಸುತ್ತ ನಿಂತಿದ್ದ ಜನ ನಕ್ಕರು. ಅರ್ಜಿ ಹಿಡಿದು ಬಂದವರು, ಟೀ ತರುವವರು, ಟೈಪಿಸ್ಟು, ಎಲ್ಲರೂ ಬೋಗುಣಿ ಇಣುಕಿ ನೋಡಿದರು. ಬೋಗುಣಿಯನ್ನು ಎತ್ತಿಹಾಕಿ ಎಂದು ಇಂಜಿನಿಯರ್ ಹೇಳಬಹುದಿತ್ತು. ಹೇಳಲಿಲ್ಲ. ಕರಗುತ್ತದೆ ಎಂದು ಅವರಿಗೂ ನಂಬಿಕೆಯಿತ್ತೇನೋ.

ಎರಡನೆಯ ದಿನ ಬೋಗುಣಿಯ ನೀರು ಕೆಂಪಾಯಿತು. ಮೂರನೆಯ ದಿನ ಒಂದು ಇಟ್ಟಿಗೆಯ ಮೂಲೆಗಳು ಉದುರಿ, ಹೊಟ್ಟೆ ಬಿರಿದು, ರಾಗಿ ಅಂಬಲಿಯಂತೆ ತಳಕ್ಕೆ ಕೂತಿತು. ಅದು ಕಂಟ್ರಾಕ್ಟರದು. ಅರ್ಧಂಬರ್ಧ ಬೆಂದ ಇಟ್ಟಿಗೆ. ಪಕ್ಕದಲ್ಲಿ ಕೆಂಪಮ್ಮನದು ಹಾಕಿದ ಹಾಗೇ ಕೂತಿತ್ತು, ಅಂಚು ಕೂಡ ಸವೆಯದೆ. ಅವಳು ಕೆಲಸಕ್ಕೆ ಹೋಗುವಾಗ ದಿನಾ ಅಲ್ಲಿ ನಿಂತು, ಇಟ್ಟಿಗೆಯನ್ನು ಎತ್ತಿ ಬೆರಳಿಂದ ಟಣ್ಣೆಂದು ಬಡಿದು, ಮತ್ತೆ ಮುಳುಗಿಸಿ ಹೋಗುತ್ತಿದ್ದಳು. ಒಂಬತ್ತನೆಯ ದಿನ ಯಾರೋ ಬೋಗುಣಿಯನ್ನು ಎತ್ತಿ ಒಳಗೆ ಬಚ್ಚಿಟ್ಟರು. ಅಷ್ಟರಲ್ಲಿ ಕುಣಿಗಲ್ ಪೇಟೆಯಲ್ಲೆಲ್ಲ ಆ ಉಗ್ರಾಣದ ಇಟ್ಟಿಗೆಯದೇ ಮಾತು.

ಇದಾದ ಮೇಲೆ ಇಂಜಿನಿಯರರ ಕೋಪ ನನ್ನ ಕಡೆಗೆ ತಿರುಗಿತು. ಇಟ್ಟಿಗೆಗಳ ಬಗ್ಗೆ ಲ್ಯಾಬಿನ ವರದಿ ಕೊಡಿ ಎಂದು ಕುಣಿಗಲ್‌ನಿಂದ ಕಾಗದ ಬಂತು. ನಮ್ಮ ಸಾಹೇಬರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು.

"'ವಾಸಕ್ಕೆ ಯೋಗ್ಯವಲ್ಲ' ಅಂತ ಬರೆದುಬಿಡಮ್ಮ. ಎರಡು ಸಾಲು ಸಾಕು."

"ನಮ್ಮ ಲ್ಯಾಬ್ ಮಿಷನ್‌ನಲ್ಲೇ ಒತ್ತಿ ನೋಡಿದೀನಿ ಸಾರ್. ನೆನೆಸಿದ ಮೇಲೂ ಒಂದಂತಸ್ತಿನ ಮನೆಗೆ ಬೇಕಾದ್ದಕ್ಕಿಂತ ಜಾಸ್ತಿ ತಡೀತು."

"ಮಿಷನ್ ಹಳೇದು."

"ಕಂಟ್ರಾಕ್ಟರ್‌ಗಳ ಇಟ್ಟಿಗೆ ಪಾಸ್ ಮಾಡಿದ್ದೂ ಅದೇ ಮಿಷನ್ ಸಾರ್."

ಅವರು ಪೇಪರ್‌ವೇಟ್ ತಿರುಗಿಸಿದರು. ಕೆಟ್ಟವರೇನಲ್ಲ, ಮೂರು ಹೆಣ್ಣುಮಕ್ಕಳ ತಂದೆ, ನಿವೃತ್ತಿ ಹತ್ತಿರ. "ಆ ಗುಬ್ಬಿ ಲೆಟರ್ ವಿಷಯ ನಂಗೆ ಗೊತ್ತು. ನಿಂಗೆ ಕೆಲ್ಸ ಬೇಕೋ ಬೇಡ್ವೋ?"

"ಬೇಕು ಸಾರ್. ಅದಕ್ಕೇ ಕೆಲ್ಸ ಮಾಡಿದೀನಿ."

ಎಲ್ಲಿಂದ ಬಂತೋ ಆ ಮಾತು! ಹೊರಗೆ ಬಂದವಳೇ ನನ್ನ ಮೇಜಿನ ಮುಂದೆ ಕೂತೆ. ವರದಿಯನ್ನು ಕಂಡದ್ದು ಕಂಡ ಹಾಗೆ ಬರೆದು, ಮೂರು ಪ್ರತಿ ಮಾಡಿದೆ. ಟಪಾಲು ವಿಭಾಗದ ಮುದುಕರಿಗೆ ಕೊಟ್ಟಾಗ ಅವರು ಒಮ್ಮೆ ನನ್ನನ್ನೂ ಒಮ್ಮೆ ಕಾಗದವನ್ನೂ ನೋಡಿದರು. "ನಂಬರ್ ಬಿದ್ರೆ ವಾಪಸ್ ತಗೊಳ್ಳೋಕಾಗಲ್ಲ ಮಗೂ." "ಹಾಕಿ ಸಾರ್" ಅಂದೆ. ಅವರು ಮುದ್ರೆಯನ್ನು ಬೇಕಾದ್ದಕ್ಕಿಂತ ಜೋರಾಗಿಯೇ ಒತ್ತಿದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಅನುಮತಿಯಿಲ್ಲದೆ ಸಾಗಿಸಿದ್ದೆಂದು ಮಿಷನ್ನನ್ನು ಗುಬ್ಬಿಗೆ ಎಳೆದುಕೊಂಡು ಹೋಗಿ ಬೀಗ ಹಾಕಿದರು. ಅಷ್ಟರಲ್ಲಿ ಹನ್ನೊಂದು ಮನೆಗಾಗುವಷ್ಟು ಇಟ್ಟಿಗೆ ಒತ್ತಿಯಾಗಿತ್ತು. ನನ್ನನ್ನು ಹಿರೇಹಳ್ಳಿಯ ಒಂದು ಸರ್ಕಾರಿ ಉಗ್ರಾಣಕ್ಕೆ ವರ್ಗ ಮಾಡಿದರು. ತುಕ್ಕು ಹಿಡಿದ ಬೋಲ್ಟುಗಳು, ಮುರಿದ ಗುದ್ದಲಿಗಳು, ನಾನು. ಕುಣಿಗಲ್ಲಿನ ಹನ್ನೊಂದು ಮನೆಯವರು ಮನೆ ಕೆಡವಲಿಲ್ಲ. ನೋಟೀಸು ಬಂದಾಗಲೆಲ್ಲ ಕೆಂಪಮ್ಮ ಅದನ್ನು ಓದಿಸಿ ಕೇಳಿ, ನಾನು ಕೊಟ್ಟಿದ್ದ, ನಂಬರು ಬಿದ್ದ ವರದಿಯ ಪ್ರತಿಯನ್ನು ತೋರಿಸಿ, "ಇದ್ನ ಸುಳ್ಳು ಅಂತ ಬರ್ಕೊಡ್ರಿ, ಕೆಡವ್ತೀವಿ" ಅನ್ನುತ್ತಿದ್ದಳಂತೆ. ಬರೆದುಕೊಡಲು ಯಾರೂ ಮುಂದೆ ಬರಲಿಲ್ಲ. ಮೂರನೆಯ ವರ್ಷ ಆ ಇಂಜಿನಿಯರ್ ಬೇರೆ ಕಡೆ ಹೋದರು, ಬಂದವರು ಫೈಲು ಓದುವ ಅಭ್ಯಾಸವಿದ್ದವರು. ಹನ್ನೊಂದು ಮನೆಗೂ ಹಕ್ಕುಪತ್ರ ಬಂತು.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇದನ್ನು ಹೇಳಲು ಈಗಲೂ ನಾಚಿಕೆ. ನನ್ನ ಜತೆಯವರೆಲ್ಲ ಬಡ್ತಿ ಪಡೆದರು, ನಾನು ಬೋಲ್ಟುಗಳ ಮಧ್ಯೆ ಕೂತಿದ್ದೆ. ಅವಳಿಗೆ ಮನೆಯಾಯಿತು, ನನಗೇನಾಯಿತು ಎಂಬ ಹುಳುಕು ಮನಸ್ಸಿನಲ್ಲಿ ಸೇರಿಕೊಂಡಿತು. ಗೃಹಪ್ರವೇಶಕ್ಕೆ ಹೇಳಿ ಕಳಿಸಿದರೂ ಹೋಗಲಿಲ್ಲ. ಜ್ವರ ಎಂದು ಸುಳ್ಳು ಹೇಳಿದೆ.

ಒಂದು ದಿನ ಅವಳೇ ಹಿರೇಹಳ್ಳಿಗೆ ಬಂದಳು. ಉಗ್ರಾಣದ ಬಾಗಿಲಲ್ಲಿ ನಿಂತು ಸುತ್ತ ನೋಡಿದಳು.

"ಇಲ್ಲಾ ತಂದ್ ಕೂರ್ಸವ್ರೆ ನಿನ್ನ?"

"ಹೂಂ ಕೆಂಪಕ್ಕ."

"ನನ್ ಮ್ಯಾಲೆ ಕ್ವಾಪಾನಾ?"

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. "ಹೂಂ" ಎಂದೇ ಬಂತು. ಹಿಂದೆಯೇ ಅಳುವೂ ಬಂತು. ಅವಳು ಸಮಾಧಾನ ಮಾಡಲಿಲ್ಲ, ತಲೆ ಸವರಲಿಲ್ಲ. ಒಂದು ಮುರಿದ ಪೆಟ್ಟಿಗೆಯ ಮೇಲೆ ಕೂತು ನಾನು ಅತ್ತು ಮುಗಿಸುವವರೆಗೆ ಎಲೆಅಡಿಕೆ ಹಾಕಿಕೊಂಡಳು.

"ಕ್ವಾಪ ಬರೋದೇ. ಇಟ್ಕೊ, ಬುಡಬ್ಯಾಡ. ಆದ್ರೆ ನನ್ ಮ್ಯಾಲೆ ಹಾಕಿ ಯಾಕ್ ಹಾಳ್ ಮಾಡ್ತೀಯ? ಕೇಳು. ಗುಬ್ಬಿ ಕಡೆ ಒಂದು ಇಸ್ಕೂಲು. ದಾರಿ ಪೂರಾ ಜೇಡಿ, ಮಳೆ ಬಂದ್ರೆ ಮಕ್ಳು ಮೊಣಕಾಲಗಂಟ ಹೂತೋಗ್ತವೆ. ಇಟ್ಗೆ ಮಿಷನ್ ಬ್ಯಾಡ, ಸುಣ್ಣ ಮರಳು ಬೆರೆಸಿ ನೆಲ ಬಡ್ದು ದಮ್ಮಸ್ ಮಾಡಿದ್ರೆ ನಿಂತಾತಾ? ಭಾನ್ವಾರ ನಿಂಗೆ ರಜ ಅಲ್ವಾ?"

ಭಾನುವಾರ ರಜವೇ. ಹೋದೆ. ಎಂಬತ್ತರ ದಶಕದ ಉದ್ದಕ್ಕೂ ಎಷ್ಟೋ ಭಾನುವಾರ ಹೋದೆ. ಆ ಶಾಲೆಯ ದಾರಿ ಮೊದಲ ಮಳೆಗೆ ಒಂದು ಕಡೆ ಕುಸಿಯಿತು. ಅಲ್ಲಿ ಸುಣ್ಣ ಸರಿಯಾಗಿ ಬೆರೆತಿರಲಿಲ್ಲ. ಅಗೆದು ಮತ್ತೆ ಮಾಡಿದೆವು, ನಿಂತಿತು. ಒಂದು ಊರಿನ ಕಣ, ಇನ್ನೊಂದು ಕಡೆ ದನದ ಕೊಟ್ಟಿಗೆಯ ನೆಲ, ಮತ್ತೊಂದು ಕಡೆ ನೀರಿನ ತೊಟ್ಟಿಯ ಸುತ್ತಲಿನ ಕಟ್ಟೆ. ಯಾವುದಕ್ಕೂ ಯಾರ ಅನುಮತಿಯೂ ಇರಲಿಲ್ಲ. ಎಲ್ಲವನ್ನೂ ನೋಡುತ್ತಿದ್ದ ನನ್ನ ಗಂಡ ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದರು: "ಇಲಾಖೆ ಬಿಟ್ಟದ್ದನ್ನ ನೀನ್ಯಾಕೆ ಮಾಡ್ತೀಯ?" "ಬಿಟ್ಟಿದಾರಲ್ಲ, ಅದಕ್ಕೇ" ಅಂದೆ. ಮುಂದಿನ ಭಾನುವಾರ ಅವರೂ ಜರಡಿ ಹಿಡಿದರು. ಬಡ್ತಿ ಬಂತು, ತಡವಾಗಿ, ನಿವೃತ್ತಿಗೆ ಸ್ವಲ್ಪ ಮುಂಚೆ. ತಗೊಂಡೆ.

ಕೆಂಪಮ್ಮ ತೀರಿಕೊಂಡು ಬಹಳ ಕಾಲವಾಯಿತು. ತಾನು ಕಟ್ಟಿದ ಮನೆಯಲ್ಲೇ ಹೋದಳು, ಬಿಸಿಲು ಬೀಳುವ ಗೋಡೆಗೆ ಬೆನ್ನು ಕೊಟ್ಟು ಕೂತಲ್ಲೇ.

ಶಿರಾ ಗೇಟಿನಲ್ಲಿ ಮಣ್ಣು ಮುಟ್ಟಿದ ವಾರವೇ ನಾನು ಕುಣಿಗಲ್ ಬಸ್ಸು ಹತ್ತಿದೆ. ಪುಟ್ಟಮ್ಮನಿಗೂ ಈಗ ನನ್ನ ಹಾಗೆ ತಲೆ ಬೆಳ್ಳಗಾಗಿದೆ, ಕಾಲೆಳೆದೇ ಕಾಫಿ ತಂದಳು. ನಾವು ಕೂತಿದ್ದ ಹಾಗೇ ಮನೆಗಳ ಸರ್ವೆಗೆಂದು ಒಬ್ಬ ಹುಡುಗಿ ಮೊಬೈಲು ಹಿಡಿದು ಬಂದಳು. ಮನೆಯಲ್ಲಿ ಎಷ್ಟು ಜನ, ನಲ್ಲಿ ಇದೆಯಾ, ಎಲ್ಲ ಕೇಳಿ, ಗೋಡೆಯ ಕಡೆ ನೋಡಿ ತಡವರಿಸಿದಳು.

"ಗೋಡೆ ಯಾವ್ದು ಅಂತ ಹಾಕ್ಲಿ ಅಜ್ಜಿ? ಸಿಮೆಂಟ್ ಅಂತ ಹಾಕ್ಬಿಡ್ಲಾ? ಮಣ್ಣು ಅಂತ ಹಾಕಿದ್ರೆ ಚೆನ್ನಾಗಿರಲ್ಲ."

ಆ ಮಾತು ನನಗೆ ಚುಚ್ಚಿತು, ಏಕೆಂದರೆ ಅದು ನನ್ನದೇ ಮಾತು. ಅಷ್ಟು ಧೈರ್ಯ ತೋರಿಸಿದೆ ಎಂದು ಇಷ್ಟು ಹೊತ್ತೂ ಹೇಳಿಕೊಂಡೆನಲ್ಲ, ಆ ವರದಿಯಲ್ಲಿ ನಾನು ಉದ್ದಕ್ಕೂ "ಸಿಮೆಂಟ್ ಮಿಶ್ರಿತ ಇಟ್ಟಿಗೆ" ಎಂದು ಬರೆದಿದ್ದೆ. ಸಿಮೆಂಟು ಅದರಲ್ಲಿ ಒಂದು ಹಿಡಿ. ಮಿಕ್ಕಿದ್ದೆಲ್ಲ ಏನೆಂದು ಹೇಳದೆ, ಓದುವವರು ಮೂಗು ಮುರಿದಾರೆಂಬ ಅಂಜಿಕೆಯಿಂದ, ಆ ಒಂದು ಪದವನ್ನು ತಪ್ಪಿಸಿದ್ದೆ. ನಲವತ್ತೈದು ಮಳೆಗಾಲ ಕಳೆದರೂ ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ನನಗೂ ಕೂಡ.

"ಮಣ್ಣು ಅಂತಲೇ ಹಾಕಮ್ಮ" ಅಂದೆ.

"ಹಾಗಾದ್ರೆ ಮುಂದಿನ ಕಾಲಂ... ಮನೆ ಸ್ಥಿತಿ? ಮಣ್ಣು ಅಂತ ಹಾಕಿ 'ಉತ್ತಮ' ಅಂತ ಒತ್ತಿದ್ರೆ ಮೇಲಿನವ್ರು ಕೇಳ್ತಾರೆ ಅಜ್ಜಿ."

ಪುಟ್ಟಮ್ಮ ಲೋಟ ಕೆಳಗಿಟ್ಟಳು. "ಕೇಳ್ಲಿ" ಅಂದಳು. "ಇಲ್ಲಿಗೇ ಬಂದು ಕೇಳ್ಲಿ. ನಾನಿವ್ನಿ, ಇವಳವ್ಳೆ, ಗೋಡೆ ಐತೆ. ಎರಡೂ ಒತ್ತವ್ವ ನೀನು."

ಹುಡುಗಿ ಒಂದು ಕ್ಷಣ ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ಎರಡೂ ಒತ್ತಿದಳು.